ಒದ್ದೆ ಸೊಪ್ಪಿನ ಅಧ್ಯಾಯ

ಬೇಸಿಗೆ ರಜ ಶುರುವಾದ ಮರುದಿನವೇ ಕೆಂಚಾರ್ಲಹಳ್ಳಿಯ ನರಸಿಂಹಪ್ಪ ಮೇಷ್ಟ್ರು ಮನೆಯಲ್ಲಿ ಕುಳಿತು ಕೆಲಸ ಮಾಡುವುದೆಂದು ನಿಶ್ಚಯಿಸಿದರು. ಅಲ್ಲಿಯವರೆಗೆ ಹದಿನೆಂಟು ವರ್ಷ ಅವರು ಆ ಮನೆಯಲ್ಲಿ ಮಾಡುತ್ತಿದ್ದದ್ದು ಊಟ ಮತ್ತು ನಿದ್ದೆ. ಎರಡಕ್ಕೂ ಏಕಾಗ್ರತೆಯ ಕೊರತೆ ಎಂದೂ ಬಿದ್ದಿರಲಿಲ್ಲ.

ಕೆಲಸ ಸಣ್ಣದಲ್ಲ. ಹಳ್ಳಿಗರು ಮನೆಯಲ್ಲೇ ಕುಳಿತು ದುಡಿದು ಮೇಲೆ ಬರುವುದು ಹೇಗೆ ಎಂಬುದರ ಬಗ್ಗೆ ನೂರು ಪುಟದ ಕೈಪಿಡಿ ಬರೆದವರಿಗೆ ಬಹುಮಾನವೆಂದು ಚಿಕ್ಕಬಳ್ಳಾಪುರದ ಗ್ರಾಮೋನ್ನತಿ ಪ್ರಚಾರ ಸಮಿತಿಯವರು ಆ ವರ್ಷ, ಅಂದರೆ ಐವತ್ತೆಂಟರಲ್ಲಿ, ಪ್ರಕಟಣೆ ಹೊರಡಿಸಿದ್ದರು. ಗೆದ್ದರೆ ದುಡ್ಡೂ ಉಂಟು, ಪುಸ್ತಕ ಅಚ್ಚೂ ಆಗುತ್ತದೆ. ಒಂದೇ ಷರತ್ತು: ಕೊನೆಯಲ್ಲಿ ನಮ್ಮ ಸೀಮೆಯ ಯಾವುದಾದರೊಂದು ಮನೆಗೆಲಸವನ್ನು ವಿವರವಾಗಿ ವರ್ಣಿಸಬೇಕು. ಮೇಷ್ಟ್ರು ಅದನ್ನು ಕೊನೆಗೆ ನೋಡಿಕೊಂಡರಾಯಿತೆಂದು ಬಿಟ್ಟು, ಮೊದಲು 'ಕಾಲಪಾಲನೆ', 'ಸ್ಥಳಶುದ್ಧಿ', 'ಏಕಾಗ್ರತೆ' ಎಂದು ಅಧ್ಯಾಯಗಳ ಹೆಸರು ಬರೆದುಕೊಂಡರು. ಹೆಸರು ಬರೆಯುವುದಕ್ಕೆ ನಾಲ್ಕು ದಿನ ಹಿಡಿಯಿತು.

ಐದನೆಯ ದಿನ ನಡುಮನೆಯ ಕಂಬಕ್ಕೆ ಒಂದು ವೇಳಾಪಟ್ಟಿ ಬಿತ್ತು. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಮನೆಯಲ್ಲಿ ಯಾರೂ ಮಾತಾಡಕೂಡದು. ಒರಳಿನ ಕೆಲಸ ಎಂಟರೊಳಗೆ ಮುಗಿಯಬೇಕು. ಹಸುವಿನ ಕೊರಳ ಗಂಟೆಯನ್ನು ಅವರೇ ಬಿಚ್ಚಿ ಮಾಡಿನಲ್ಲಿ ಸಿಕ್ಕಿಸಿದರು. ಹಸು ಎರಡು ದಿನ ತನ್ನ ಕೊರಳನ್ನು ತಾನೇ ಅನುಮಾನದಿಂದ ನೋಡಿಕೊಂಡಿತು.

ಆದರೆ ನಡುಮನೆಯಲ್ಲಿ ಇನ್ನೊಂದು ಸದ್ದಿತ್ತು. ಅದನ್ನು ಬಿಚ್ಚಿ ಮಾಡಿಗೆ ಸಿಕ್ಕಿಸುವಂತಿರಲಿಲ್ಲ.

ಮೇಷ್ಟ್ರ ಹೆಂಡತಿ ಅಶ್ವತ್ಥಮ್ಮ ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ನೆಲದಿಂದ ಹೆಂಚಿನವರೆಗೆ ಮೂವತ್ತು ಬಿದಿರು ತಟ್ಟೆ, ತಟ್ಟೆಯ ತುಂಬ ಹುಳು. ಹುಳು ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹುಳುವಿಗೆ ಏಳೆಂಟು ದಿನ ತಿನ್ನುವುದೊಂದೇ ಕೆಲಸ. ಹಗಲಿಲ್ಲ, ಇರುಳಿಲ್ಲ. ಸಾವಿರಾರು ಬಾಯಿ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಸದ್ದು, ಗರಿಯ ಚಪ್ಪರದ ಮೇಲೆ ಜಡಿಮಳೆ ಹೊಯ್ದ ಹಾಗೆ.

"ಏನೇ ಇದು ಗಲಾಟೆ?" ಎಂದರು ಮೇಷ್ಟ್ರು, ಲೇಖನಿ ಹಿಡಿದು ಬಾಗಿಲಿಗೆ ಬಂದು.

"ಹುಳು ತಿಂತಾವೆ."

"ಇಷ್ಟು ಜೋರಾಗಾ?"

"ನಿಮ್ಮ ಥರಾ ಬಾಯಿ ಮುಚ್ಕೊಂಡು ತಿನ್ನೋದು ಹೇಳ್ಕೊಡೋಕಾಗಲ್ಲ ಅವಕ್ಕೆ," ಎಂದಳು ಅಶ್ವತ್ಥಮ್ಮ. ಆಕೆಯ ಕೈ ಮಾತ್ರ ನಿಲ್ಲಲಿಲ್ಲ. ಒಂದು ತಟ್ಟೆ ಎಳೆದು, ಸೊಪ್ಪು ಹರಡಿ, ಒಳಗೆ ತಳ್ಳಿ, ಮುಂದಿನದನ್ನು ಎಳೆಯುವಷ್ಟರಲ್ಲಿ ಗಂಡ ಇನ್ನೂ ಬಾಗಿಲಲ್ಲೇ ನಿಂತಿದ್ದ. ಅವಳಿಗೆ ವೇಳಾಪಟ್ಟಿ ಓದಲು ಬರುತ್ತಿರಲಿಲ್ಲ, ಪುರುಸೊತ್ತೂ ಇರಲಿಲ್ಲ.

ಆ ಸಲದ ಬೆಳೆ ಅವಳಿಗೆ ಬರೀ ಬೆಳೆಯಲ್ಲ. ಮಗಳು ರತ್ನ ಎಂಟನೆಯ ತರಗತಿ ಪಾಸು ಮಾಡಿದ್ದಳು. ಮುಂದೆ ಓದಬೇಕೆಂದರೆ ಚಿಕ್ಕಬಳ್ಳಾಪುರದ ಹೈಸ್ಕೂಲು, ಅಲ್ಲಿನ ಹಾಸ್ಟೆಲು. ಓದದಿದ್ದರೆ ಗೌರಿಬಿದನೂರಿನ ಕೋನಪ್ಪ. ಕೋನಪ್ಪ ಮೇಷ್ಟ್ರ ಅಕ್ಕನ ಮಗ, ಸಂಬಂಧದಲ್ಲಿ ಹಕ್ಕುದಾರ. ಎರಡು ಆಲೆಮನೆ ಇತ್ತು, ಮೂವತ್ತು ದಾಟಿತ್ತು, ಮೊದಲ ಹೆಂಡತಿ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಯುಗಾದಿಯ ದಿನ ಗಂಡ ಹೆಂಡಿರಿಗೆ ಜಗಳವಾಗಿ, ಕೊನೆಗೆ ಮೇಷ್ಟ್ರು ನ್ಯಾಯ ಹೇಳಿಬಿಟ್ಟಿದ್ದರು: "ನಿನ್ನ ಗೂಡಿನ ದುಡ್ಡಲ್ಲಿ ಹಾಸ್ಟೆಲ್ಲಿಗೆ ಕಟ್ಟೋ ಹಾಗಿದ್ರೆ ಓದಿಸು. ಇಲ್ದಿದ್ರೆ ನಮ್ಮಕ್ಕನಿಗೆ ಹೂಂ ಅಂತೀನಿ. ಆಮೇಲೆ ಅಳಬಾರದು."

ಅಂದಿನಿಂದ ಅಶ್ವತ್ಥಮ್ಮ ಆ ಹುಳುಗಳನ್ನು ನೋಡುವ ರೀತಿಯೇ ಬೇರೆಯಾಗಿತ್ತು. ಹೊರಗಿನವರು ಒಳಗೆ ಬರುವಂತಿಲ್ಲ. ಒಗ್ಗರಣೆ ಹಿತ್ತಲಲ್ಲಿ. ಬೀಡಿ ಸೇದಿದವರು ಜಗಲಿಯಿಂದಾಚೆ. ಸೊಪ್ಪು ಬಿಡಿಸಲು ಬರುತ್ತಿದ್ದ ಚಿಕ್ಕವೆಂಕಟಮ್ಮ ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವುದನ್ನು ನಿಲ್ಲಿಸಬೇಕಾಗಿ ಬಂದು, ದಿನವೂ ಗೊಣಗುತ್ತಿದ್ದಳು: "ಇದೇನಕ್ಕಾ, ಒಂದು ಮನೆಯಾಗೆ ಎರಡು ಮಠ! ಒಳಗೆ ಸಾಮಿಗೋಳು ಬರೀತಾವ್ರೆ, ಮಾತಾಡಂಗಿಲ್ಲ. ಈಚೆಗೆ ಹುಳ ಮೇಯ್ತಾವೆ, ಉಗಿಯಂಗಿಲ್ಲ. ನಾನು ಬಾಯಿ ಯಾತಕ್ಕೆ ಇಟ್ಕೊಳ್ಳಲಿ?"

"ಇನ್ನು ಆರು ದಿನ ಕಣೇ. ಆಮೇಲೆ ಎಷ್ಟು ಬೇಕಾದ್ರೂ ಉಗಿ."

ಮೇಷ್ಟ್ರ ಏಕಾಗ್ರತೆಗೆ ಹುಳುವಿನ ಸದ್ದು ಹೇಗೋ ಒಗ್ಗಿತು. ಒಗ್ಗದೆ ಉಳಿದದ್ದು ತಿಗಣೆ. ಅವರ ಬೆತ್ತದ ಕುರ್ಚಿಯಲ್ಲಿ ಮೂರು ತಲೆಮಾರಿನ ತಿಗಣೆಗಳಿದ್ದವು. ಕುಳಿತು ಎರಡು ಸಾಲು ಬರೆಯುವಷ್ಟರಲ್ಲಿ ಒಂದು ಕಡೆ ಚುರ್ ಎನ್ನುವುದು, ಎದ್ದು ಹುಡುಕಿ ಒರೆಸಿ ಕೂರುವಷ್ಟರಲ್ಲಿ ಇನ್ನೊಂದು ಕಡೆ. 'ಏಕಾಗ್ರತೆ' ಅಧ್ಯಾಯದ ಮೊದಲ ವಾಕ್ಯವನ್ನು ಅವರು ಒಂಬತ್ತು ಸಲ ಬರೆದರು. ಸ್ಥಿರಾಸನವೇ ಕಾರ್ಯಸಿದ್ಧಿಯ ಮೂಲ ಎಂಬುದು ಆ ವಾಕ್ಯ.

ಹುಳು ಜ್ವರದಿಂದ ಎದ್ದ ಮೂರನೆಯ ದಿನ ಬೆಳಿಗ್ಗೆ ಡಿ.ಡಿ.ಟಿ. ಹೊಡೆಯುವವರು ಊರಿಗೆ ಬಂದರು. ಮಲೇರಿಯಾ ಇಲಾಖೆಯವರು. ಇಬ್ಬರು ಪಂಪು ಹೊತ್ತವರು, ಮುಂದೆ ರಿಜಿಸ್ಟರು ಹಿಡಿದ ಚಿಂತಾಮಣಿಯ ಅಸದುಲ್ಲಾ. ರೇಷ್ಮೆ ಊರುಗಳಲ್ಲಿ ಅವರ ಕೆಲಸ ಸುಲಭ: ಬಾಗಿಲಲ್ಲಿ ನಿಂತು "ಹುಳು ಇದೆಯಾ?" ಎನ್ನುವುದು, ಇದೆ ಎಂದರೆ ಬರೆದುಕೊಂಡು ಮುಂದಿನ ಮನೆಗೆ ಹೋಗುವುದು. ಆ ಮದ್ದು ಸೊಳ್ಳೆಗೆ ಯಮ, ತಿಗಣೆಗೂ ಯಮ. ರೇಷ್ಮೆ ಹುಳುವಿಗೆ ಬೇರೆ ಯಮ ಬೇಕಾಗಿಲ್ಲವೆಂದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಅಶ್ವತ್ಥಮ್ಮ, ರತ್ನ, ಚಿಕ್ಕವೆಂಕಟಮ್ಮ ಮೂವರೂ ತೋಟದಲ್ಲಿದ್ದರು. ಅಸದುಲ್ಲಾ ಬಾಗಿಲಿಂದಲೇ ತಟ್ಟೆಗಳನ್ನು ಕಂಡು, ರೂಢಿಯಂತೆ ಬರೆದುಕೊಂಡು ಹೊರಡುತ್ತಿದ್ದಾಗ ಒಳಗಿನಿಂದ ಮೇಷ್ಟ್ರು ಬಂದರು.

"ಬನ್ರೀ ಇಲ್ಲಿ. ನನ್ನ ಕೋಣೆಗೆ ಹೊಡೀರಿ. ಕುರ್ಚಿಗೆ ಸ್ವಲ್ಪ ಜಾಸ್ತಿ."

"ಹುಳು ಸಾಕಿದ್ದೀರಲ್ಲ ಮೇಷ್ಟ್ರೇ. ಬ್ಯಾಡಿ. ನಮ್ಮ ತಂಗಿ ವಜೀರುನ್ನೀಸಾ ಶಿಡ್ಲಘಟ್ಟದಾಗೆ ಹುಳು ಸಾಕ್ತಾಳೆ, ಈ ಡ್ರೆಸ್ಸಲ್ಲಿ ಅವಳ ಮನೆ ಹೊಸಲೂ ದಾಟಿಸಲ್ಲ ನನ್ನ."

"ಹುಳು ನಡುಮನೇಲಿದೆ. ನಾನು ಹೇಳ್ತಿರೋದು ನನ್ನ ಕೋಣೆ. ಬಾಗಿಲು ಹಾಕ್ಕೊಂಡು ಹೊಡೀರಿ."

"ಗೋಡೆ ಮೇಲಕ್ಕೆ ಮುಟ್ಟಿಲ್ಲ ಸಾರ್," ಎಂದು ಅಸದುಲ್ಲಾ ತೋರಿಸಿದ. ಆ ಕಾಲದ ಮನೆಗಳಂತೆ ಅಲ್ಲೂ ಕೋಣೆಗಳ ನಡುವಿನ ಗೋಡೆ ಆಳೆತ್ತರಕ್ಕೆ ನಿಂತಿತ್ತು. ಅದರ ಮೇಲೆ ಹೆಂಚಿನವರೆಗೂ ಬಯಲು.

"ನಡುಮನೆ ಕಡೆ ಕಂಬಳಿ ಕಟ್ಟಿ. ಅಷ್ಟೂ ಗೊತ್ತಾಗಲ್ವೇನ್ರೀ? ಸರ್ಕಾರಿ ಕೆಲಸಕ್ಕೆ ಬಂದು ಇಲ್ಲ ಅಂತೀರಲ್ಲ, ನಿಮ್ಮ ಮೇಲಿನವರಿಗೆ ಒಂದು ಕಾಗದ ಹಾಕ್ಲಾ? ಬರೆಯೋದೇ ನನ್ನ ಕೆಲಸ ಈಗ."

ಅಸದುಲ್ಲಾ ಹಂಗಾಮಿ ನೌಕರ. ಕಂಬಳಿ ಕಟ್ಟಿಸಿದ. ಪಂಪಿನ ಹಿಡಿ ಒತ್ತಿಸುವ ಮುಂಚೆ ಕೊನೆಯದಾಗಿ ಕೇಳಿದ: "ಸೊಪ್ಪು ಎಲ್ಲಿಟ್ಟಿದ್ದೀರಿ ಸಾರ್?"

"ಸೊಪ್ಪು ತೋಟದಲ್ಲಿರುತ್ತೆ. ಇನ್ನೆಲ್ಲಿರುತ್ತೆ?" ಎಂದರು ಮೇಷ್ಟ್ರು.

ಸೊಪ್ಪು ಅವರ ಕೋಣೆಯ ಇನ್ನೊಂದು ಮಗ್ಗುಲಿನ ಕತ್ತಲೆ ಕೋಣೆಯಲ್ಲಿ, ಆಳೆತ್ತರದ ಗೋಡೆಯ ಆಚೆ ರಾಶಿ ಬಿದ್ದಿತ್ತು. ಮುಂಜಾನೆ ಬಿಡಿಸಿ ತಂದದ್ದು. ಹದಿನೆಂಟು ವರ್ಷದಿಂದ ಪ್ರತಿದಿನ ಅಲ್ಲೇ ಬೀಳುತ್ತಿತ್ತು. ಮೇಷ್ಟ್ರು ಆ ಕೋಣೆಗೆ ಕಾಲಿಟ್ಟವರಲ್ಲ. ಹುಳು ಹೆಂಗಸರ ಕೆಲಸವೆಂದೂ, ತಾವು ಓದಿದವರೆಂದೂ ಅವರಿಗೆ ಚಿಕ್ಕಂದಿನಿಂದ ಖಚಿತವಾಗಿತ್ತು.

ಮದ್ದು ಹೊಡೆದವರು ಹೋದ ಮೇಲೆ ಅವರು ಕುರ್ಚಿ ಒರೆಸಿಕೊಂಡು ಕುಳಿತರು. ಚುರ್ ಎನ್ನಲಿಲ್ಲ. ಐದು ನಿಮಿಷ, ಹತ್ತು ನಿಮಿಷ, ಎಲ್ಲೂ ಚುರ್ ಎನ್ನಲಿಲ್ಲ. ಲೇಖನಿ ಓಡತೊಡಗಿತು.

ಹನ್ನೊಂದಕ್ಕೆ ರತ್ನ ಒಬ್ಬಳೇ ಬಂದಳು. ಮೇವು ಹಾಕುವ ಹೊತ್ತು, ಅಮ್ಮ ಕಳಿಸಿದ್ದಳು. ಹೊಸ್ತಿಲು ದಾಟುತ್ತಲೇ ಮೂಗು ಅರಳಿಸಿ, ಅಪ್ಪನ ಬಾಗಿಲಲ್ಲಿ ನಿಂತಳು.

"ಅಪ್ಪ, ಏನು ವಾಸ್ನೆ..."

ಮೇಷ್ಟ್ರು ತಲೆಯೆತ್ತಲಿಲ್ಲ. ಎಡಗೈ ಬೆರಳೊಂದನ್ನು ಎತ್ತಿ ಕಂಬದ ಮೇಲಿನ ವೇಳಾಪಟ್ಟಿಯನ್ನು ತೋರಿಸಿದರು. ಹನ್ನೊಂದು ಗಂಟೆ, ಒಂದರವರೆಗೆ ಮಾತಿಲ್ಲ. ರತ್ನ ವಿಧೇಯ ಹುಡುಗಿ. ನಡುಮನೆಯ ತಟ್ಟೆಗಳನ್ನು ನೋಡಿದಳು, ಹುಳು ಚೆನ್ನಾಗಿದ್ದವು. ಕತ್ತಲೆ ಕೋಣೆಯಿಂದ ಸೊಪ್ಪು ಬಾಚಿ ತಂದು, ಅಮ್ಮ ಹೇಳಿಕೊಟ್ಟಿದ್ದಂತೆ ಅಂಚಿನಿಂದ ನಡುವಿಗೆ, ತೆಳ್ಳಗೂ ಅಲ್ಲ ದಪ್ಪಗೂ ಅಲ್ಲ, ಮೂವತ್ತು ತಟ್ಟೆಗೂ ಹರಡಿದಳು.

ಮಧ್ಯಾಹ್ನ ಮೂರಕ್ಕೆ ಅಶ್ವತ್ಥಮ್ಮ ಸೊಪ್ಪಿನ ಹೊರೆ ಹೊತ್ತು ಜಗಲಿ ಹತ್ತಿದಾಗ ಮನೆಯಲ್ಲಿ ಸದ್ದಿರಲಿಲ್ಲ. ಅವಳು ಹೊರೆ ಇಳಿಸಲಿಲ್ಲ, ಎಸೆದಳು. ಹುಳುಗಳು ತಲೆಯೆತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ತಟ್ಟೆಯ ಅಂಚಿಗೆ ಹರಿದು ನೆಲಕ್ಕೆ ಉದುರಿದ್ದವು. ಕೆಳಗಿನ ಸಾಲಿನವು ಆಗಲೇ ಕುಗ್ಗಿ ಅರ್ಧವಾಗಿದ್ದವು.

"ಅಯ್ಯೋ ದೇವುಡಾ! ಅಯ್ಯೋ ದೇವುಡಾ!" ಎಂದು ಚಿಕ್ಕವೆಂಕಟಮ್ಮ ಎದೆ ಬಡಿದುಕೊಂಡಳು.

ಕೋಣೆಯಿಂದ ಮೇಷ್ಟ್ರು ಹೊರಬಂದರು. ಮುಖದಲ್ಲಿ ಅಪರೂಪದ ತೃಪ್ತಿಯಿತ್ತು. "ಇವತ್ತು ನೋಡು, ಏನು ನಿಶ್ಶಬ್ದ! ಹನ್ನೊಂದು ಪುಟ ಬರೆದೆ. ದಿನಾ ಹೀಗೇ ಇಟ್ಕೊಳ್ರೇ ಮನೇನ."

ಅಶ್ವತ್ಥಮ್ಮ ಗೋಡೆಯ ಮೇಲಿನ ಮದ್ದಿನ ಬಿಳಿ ಕಲೆಯನ್ನು ನೋಡಿದಳು, ಕಂಬಳಿಯನ್ನು ನೋಡಿದಳು, ಕತ್ತಲೆ ಕೋಣೆಗೆ ಹೋಗಿ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು. ರತ್ನ ಅಂಗೈ ಮೂಸಿಕೊಳ್ಳುತ್ತಿದ್ದಳು.

ಸತ್ತ ಹುಳುವನ್ನು ಮೂವರೂ ಸೇರಿ ಸಂಜೆಯವರೆಗೆ ತಿಪ್ಪೆಗೆ ಹೊತ್ತರು. ಕೋಳಿ ತಿನ್ನದಂತೆ ಮಣ್ಣು ಮುಚ್ಚಬೇಕಾಯಿತು. ಊಟಕ್ಕೆ ಕುಳಿತಾಗ ಮೇಷ್ಟ್ರು ಸಮಾಧಾನ ಹೇಳಿದರು.

"ಹುಳುವಿನ ಹಣೆಬರಹ. ಮನುಷ್ಯರೇ ಸಾಯ್ತಾರೆ."

"ಹೌದು. ಒಬ್ಬೊಬ್ರು ಸಾಯಲ್ಲ," ಎಂದಳು ಅಶ್ವತ್ಥಮ್ಮ, ಸಾರು ಬಡಿಸುತ್ತ.

ನಾಲ್ಕು ದಿನದ ಮೇಲೆ ಕೈಪಿಡಿಗೆ ಕೊನೆಯ ಅಧ್ಯಾಯವೊಂದೇ ಉಳಿಯಿತು. ಗಡುವು ಹತ್ತಿರವಾಗಿತ್ತು. ಮೇಷ್ಟ್ರು ಹೆಂಡತಿಯನ್ನು ಕರೆದು ಮಣೆ ಹಾಕಿಸಿದರು. ಆ ಕೋಣೆಯಲ್ಲಿ ಅವಳಿಗೆ ಮಣೆ ಬಿದ್ದದ್ದು ಅದೇ ಮೊದಲು. ರತ್ನಳ ಅಕ್ಷರ ದುಂಡಗಿದ್ದುದರಿಂದ ಇಡೀ ಪುಸ್ತಕವನ್ನು ಅವಳೇ ಶುದ್ಧಪ್ರತಿ ಮಾಡುತ್ತಿದ್ದಳು. ಅವಳೂ ಕಾಗದ ಹಿಡಿದು ಕುಳಿತಳು.

"ರೇಷ್ಮೆ ಹುಳು ಸಾಕೋ ಕ್ರಮ ಹೇಳು. ಸ್ವಾನುಭವ ಇರಬೇಕು ಅಂತ ಸಮಿತಿಯವರು ಕೇಳಿದ್ದಾರೆ. ನೀನು ನಿನ್ನ ಭಾಷೇಲಿ ಹೇಳು, ನಾನು ಗ್ರಂಥದ ಭಾಷೆಗೆ ತರ್ತೀನಿ. ಮೊದಲು ಮೇವು."

ಅಶ್ವತ್ಥಮ್ಮ ಗಂಡನ ಕುರ್ಚಿಯತ್ತ ನೋಡಿದಳು.

"ಸೊಪ್ಪನ್ನ ಚೆನ್ನಾಗಿ ನೀರಲ್ಲಿ ನೆನೆಸಿ ಹಾಕ್ಬೇಕು," ಎಂದಳು.

ರತ್ನ ತಲೆಯೆತ್ತಿದಳು. ಒದ್ದೆ ಸೊಪ್ಪು ತಿಂದ ಹುಳು ಕೊಳೆತು ಸಾಯುತ್ತದೆ. ಒಂದು ಹನಿ ಮಳೆ ಬಿದ್ದರೂ ಎಲೆ ಎಲೆಯನ್ನೂ ಸೆರಗಿನಲ್ಲಿ ಒರೆಸುತ್ತಿದ್ದ ಅಮ್ಮ ಈಗ ಕಣ್ಣು ಮಿಟುಕಿಸದೆ ಕುಳಿತಿದ್ದಳು.

"ನೆನೆಸಿ ಯಾಕೆ?" ಎಂದರು ಮೇಷ್ಟ್ರು.

"ಬೇಸಿಗೆ ಅಲ್ವಾ? ಬಾಯಾರುತ್ತೆ."

"ಸರಿ, ಸರಿ. ವೈಜ್ಞಾನಿಕವಾಗಿದೆ. ಬರಿಯಮ್ಮ ರತ್ನ: ಜಲಸಿಕ್ತ ಪರ್ಣಗಳನ್ನೇ ಉಣಿಸತಕ್ಕದ್ದು. ಆಮೇಲೆ?"

"ಹೊತ್ತಾರೆ ಸಾಯಂಕಾಲ ಹೊಗೆಸೊಪ್ಪು ಸುಟ್ಟು ಮನೆ ತುಂಬ ಹೊಗೆ ತುಂಬಿಸ್ಬೇಕು. ಮೈ ಬೆಚ್ಚಗಿರುತ್ತೆ."

"ಧೂಮಸೇವನೆ. ಆಮೇಲೆ?"

"ಗೂಡು ಕಟ್ಟೋಕೆ ಹಣ್ಣಾದ ಹುಳಾನ ಮಧ್ಯಾಹ್ನದ ಬಿಸಿಲಲ್ಲಿ ಬಂಡೆ ಮೇಲೆ ಹರವ್ಬೇಕು. ಗೂಡಿಗೆ ಹೊಳಪು ಬರುತ್ತೆ."

"ಆತಪಸ್ನಾನ. ಭೇಷ್! ಕೆಲವು ಹುಳು ಸೋಮಾರಿಯಾಗಿ ಬಿದ್ದಿರುತ್ತಲ್ಲ, ಅವಕ್ಕೇನು ಮಾಡ್ತೀಯ? ಏಕಾಗ್ರತೆಯ ಅಧ್ಯಾಯಕ್ಕೂ ಇದಕ್ಕೂ ಒಂದು ಸಂಬಂಧ ಬೇಕು."

"ತಟ್ಟೆಗೆ ಒಂದು ಹಿಡಿ ಇರುವೆ ಬಿಡ್ತೀವಿ," ಎಂದಳು ಅಶ್ವತ್ಥಮ್ಮ. "ಕಚ್ಚಿ ಎಬ್ಬಿಸ್ತಾವೆ."

ರತ್ನ ಬಗ್ಗಿ ಕಾಗದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬರೆದಳು. ಅವಳ ಬೆನ್ನು ಅಲುಗುತ್ತಿತ್ತು. ಮೇಷ್ಟ್ರು ಅದನ್ನು ಶ್ರದ್ಧೆ ಎಂದುಕೊಂಡರು.

ಮರುದಿನ ಅವರು ಚಿಂತಾಮಣಿಗೆ ಹೋಗಿ ಹಸ್ತಪ್ರತಿಯನ್ನು ಅಂಚೆಯಲ್ಲಿ ರಿಜಿಸ್ಟರು ಮಾಡಿ ಬಂದರು. ಬರುವಾಗ ಮಗಳಿಗೆ ರಿಬ್ಬನ್ನು, ಹೆಂಡತಿಗೆ ಬಾಳೆಹಣ್ಣು ತಂದಿದ್ದರು. ಜಗಲಿಯಲ್ಲಿ ಕುಳಿತು ಚಪ್ಪಲಿ ಬಿಡುತ್ತ, ಯಾರೂ ಕೇಳದೆಯೇ ಹೇಳಿದರು:

"ನೋಡೇ, ನಿನ್ನ ಹುಳು ಹೋಯ್ತು, ನಿಜ. ನನ್ನ ಕಡೆಯಿಂದಲೇ ಹೋಯ್ತು ಅನ್ನು. ಬಹುಮಾನ ಬಂದ್ರೆ ರತ್ನಳನ್ನ ಹಾಸ್ಟೆಲ್ಲಿಗೆ ಸೇರಿಸ್ತೀನಿ. ಅಲ್ಲೀ ಹೆಡ್ಮಿಸ್ಸಿಗೆ ಕಾಗದ ಬರೆದು ಸೀಟು ಇಟ್ಟಿರಿ ಅಂತ ಇವತ್ತೇ ಹಾಕಿದೆ. ಅಕ್ಕನಿಗೂ ಬರೆದೆ, ಸ್ವಲ್ಪ ತಡಿ ಅಂತ. ಬಂದೇ ಬರುತ್ತೆ ಬಹುಮಾನ. ಪೋಸ್ಟ್ ಮಾಸ್ಟ್ರು ನಾಲ್ಕು ಪುಟ ಓದಿ ಅಲ್ಲೇ ಕೈ ಮುಗಿದ್ರು."

ಅಶ್ವತ್ಥಮ್ಮ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದಳು. ಆ ಮನುಷ್ಯ ಹದಿನೆಂಟು ವರ್ಷದಲ್ಲಿ ಕೊಟ್ಟ ಮಾತುಗಳನ್ನೆಲ್ಲ ಅವಳು ಬಲ್ಲಳು. ಇದು ಅಂಥದಲ್ಲ. ಎರಡು ಕಾಗದ ಹಾಕಿ ಬಂದಿದ್ದಾನೆ.

"ಆ ಪುಸ್ತಕ ವಾಪಸ್ಸು ತರಿಸ್ಬೋದಾ?" ಎಂದಳು.

"ಯಾಕೆ?"

"ಒಂದೆರಡು ಮಾತು ಬಿಟ್ಟೋಯ್ತು."

"ಸಾಕು ಬಿಡು. ನೀನು ಹೇಳಿದ್ದೇ ಹೆಚ್ಚು," ಎಂದು ಮೇಷ್ಟ್ರು ನಕ್ಕರು.

ನಿಜ ಹೇಳಬಹುದಿತ್ತು. ಹೇಳಿದರೆ, ಬೇಕೆಂದೇ ಮಾಡಿದೆ ಎಂದೂ ಹೇಳಬೇಕಾಗುತ್ತಿತ್ತು. ಆಗ ಕೋನಪ್ಪನಿಗೆ ನಾಳೆಯೇ ತಾಂಬೂಲ. ಹೇಳದಿದ್ದರೆ, ಪುಸ್ತಕವನ್ನು ಓದುವವರು ಮೇಷ್ಟ್ರಂಥವರೇ ಆಗಿರುವ ಸಂಭವವಾದರೂ ಇತ್ತು. ಅಶ್ವತ್ಥಮ್ಮ ಇಪ್ಪತ್ತೆರಡು ದಿನ ಆ ಸಂಭವವನ್ನು ನೆಚ್ಚಿಕೊಂಡಳು. ಸಮಿತಿಯವರು ಮೂರ್ಖರಾಗಿರಲಿ ಎಂದು ಅಂಬಾಜಿದುರ್ಗದ ಬೆಟ್ಟದ ಕಡೆ ತಿರುಗಿ ಕೈ ಮುಗಿದಳು.

ಸಮಿತಿಯವರಲ್ಲಿ ಇಬ್ಬರು ಹಾಗೇ ಇದ್ದರು. ಮೂರನೆಯವರು ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಮುದುಕರು.

ಚಿಕ್ಕಬಳ್ಳಾಪುರದ ಸಭೆಗೆ ಮೇಷ್ಟ್ರು ಇಸ್ತ್ರಿ ಮಾಡಿಸಿದ ಕೋಟು ತೊಟ್ಟು ಹೋದರು. ಎರಡನೆಯ ಸಾಲಿನಲ್ಲಿ ಕುಳಿತರು. ನಿವೃತ್ತರು ಕನ್ನಡಕ ಏರಿಸಿ ಎದ್ದರು.

"ಬಂದ ಹದಿನೇಳು ಪುಸ್ತಕದಲ್ಲಿ ಒಂದು ಬಹಳ ಚೆನ್ನಾಗಿದೆ. ಏಕಾಗ್ರತೆ ಅಂತ ಒಂದು ಅಧ್ಯಾಯ, ಹಾಗೆ ಬರೆಯೋರು ಬೆಂಗಳೂರಲ್ಲೂ ಇಲ್ಲ. ಅಕ್ಷರ ಮುತ್ತು. ಮೊದಲನೇ ಬಹುಮಾನ ಇದಕ್ಕೇ ಅಂತ ನಾವು ಮೂವರೂ ಬರೆದಿಟ್ಟಿದ್ವಿ. ಆಮೇಲೆ ನಾನು ಕೊನೇ ಅಧ್ಯಾಯ ಓದಿದೆ. ನಿಮಗೂ ಓದ್ತೀನಿ. ಲೇಖಕರ ಹೆಸರು ಹೇಳಲ್ಲ, ಅವರಿಗೂ ಸಂಸಾರ ಇರುತ್ತೆ."

ಓದಿದರು. ಸಭೆಯಲ್ಲಿ ಶಿಡ್ಲಘಟ್ಟದವರಿದ್ದರು, ಚಿಂತಾಮಣಿಯವರಿದ್ದರು, ಮುಕ್ಕಾಲು ಪಾಲು ಹುಳು ಸಾಕುವ ಮನೆಯವರೇ. ಜಲಸಿಕ್ತ ಪರ್ಣಕ್ಕೆ ಮುಂದಿನ ಸಾಲು ನಕ್ಕಿತು. ಧೂಮಸೇವನೆಗೆ ಹಿಂದಿನ ಸಾಲು ಬೆಂಚು ಬಡಿಯಿತು. "ಅಯ್ಯೋ ಸಾರ್, ಬಿಸಿಲಿಗೆ ಹಾಕಿ ಸಂಡಿಗೆ ಮಾಡ್ತಾನಾ?" ಎಂದು ಯಾರೋ ಕೂಗಿದರು. ಇರುವೆಯವರೆಗೆ ಬರುವಷ್ಟರಲ್ಲಿ ನಿವೃತ್ತರೇ ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದವನು ಮೇಷ್ಟ್ರ ತೊಡೆ ಬಡಿದು, "ಯಾವೂರು ಗಿರಾಕಿರೀ ಇವನು? ಮನೇಲಿ ಹೆಂಗಸರೇ ಇಲ್ವಾ?" ಎಂದ.

ಮೇಷ್ಟ್ರೂ ನಕ್ಕರು. ನಗದೆ ಕುಳಿತವರು ಅವರೊಬ್ಬರೇ ಎಂದು ಗೊತ್ತಾಗುವ ಮುಂಚೆ ನಗಬೇಕಾಗಿತ್ತು.

ಸಂಜೆಯ ಬಸ್ಸಿಗೆ ಮನೆಗೆ ಬಂದವರು ಕೋಟು ಬಿಚ್ಚದೆ ನಡುಮನೆಯಲ್ಲಿ ನಿಂತರು. ಅಶ್ವತ್ಥಮ್ಮ ಹೊಸ ಮರಿಹುಳುಗಳಿಗೆ ಎಲೆ ಹೆಚ್ಚುತ್ತಿದ್ದಳು.

"ಒದ್ದೆ ಸೊಪ್ಪು ಹಾಕಿದ್ರೆ ಹುಳು ಸಾಯುತ್ತಂತೆ," ಎಂದರು.

"ಹೌದು."

"ನಿನಗೆ ಗೊತ್ತಿತ್ತಾ?"

"ಊರಿಗೆಲ್ಲ ಗೊತ್ತು."

ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಬೈದರೆ ಪಕ್ಕದ ಮನೆಯವರು ಯಾಕೆಂದು ಕೇಳುತ್ತಾರೆ. ಹೆಂಡತಿ ಹೇಳಿದ ಇರುವೆಯನ್ನು ಗ್ರಂಥದ ಭಾಷೆಗೆ ತಂದದ್ದನ್ನು ಯಾರಿಗೂ ಹೇಳುವಂತಿಲ್ಲ. ಕೋಣೆಗೆ ಹೋಗಿ, ಬೆತ್ತದ ಕುರ್ಚಿಯಲ್ಲಿ ಕುಳಿತು, ಅಕ್ಕನಿಗೆ ಒಂದು ಕಾರ್ಡು ಬರೆದರು. ಒಂದೇ ಸಲಕ್ಕೆ, ಚಿತ್ತು ಕಾಟಿಲ್ಲದೆ ಬರೆದರು. ಆಷಾಢಕ್ಕೆ ಮುಂಚೆ ಒಂದೇ ಮುಹೂರ್ತ ಉಳಿದಿದೆ, ಅದೇ ಆಗಲಿ ಎಂದು.

ಕಾರ್ಡನ್ನು ಓದಿದವಳು ರತ್ನ. ಟಪಾಲಿಗೆ ಹಾಕಿ ಬಾ ಎಂದು ಅವಳ ಕೈಗೇ ಕೊಟ್ಟಿದ್ದರು. ಅವಳು ಅದನ್ನು ಹಾಕಿ ಬಂದು ಅಮ್ಮನ ಪಕ್ಕ ಕುಳಿತು ಎಲೆ ಹೆಚ್ಚತೊಡಗಿದಳು. ಒಂದು ಹಿಡಿ ಹೆಚ್ಚಿದ ಮೇಲೆ ಹೇಳಿದಳು:

"ಅಮ್ಮ, ನಾನು ಸರಿಯಾಗಿ ತಿದ್ದಿ ಬರೀಬೋದಿತ್ತು. ಅಪ್ಪಂಗೆ ಗೊತ್ತೇ ಆಗ್ತಿರ್ಲಿಲ್ಲ."

ಅಶ್ವತ್ಥಮ್ಮನ ಕೈ ನಿಂತಿತು. "ಮತ್ಯಾಕಮ್ಮ ತಿದ್ಲಿಲ್ಲ?"

"ನಗು ಬಂದ್ಬಿಡ್ತು," ಎಂದಳು ರತ್ನ.